ಒಂದೇ ‘ಬೇಕು’, ಇಂಗ್ಲಿಷಿನಲ್ಲಿ ಹಲವು ಮುಖ: ಮಸ್ಟ್, ಹ್ಯಾವ್ ಟು, ಶುಡ್ ಸರಿಯಾಗಿ ಬಳಸುವುದು ಹೇಗೆ

ನನ್ನ ಅಕ್ಕನ ಮಗ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಡೆದದ್ದು ಇದು. ಆಫೀಸಿನ ಹಿರಿಯರೊಬ್ಬರಿಗೆ ‘ನಾಳೆ ಮೀಟಿಂಗಿಗೆ ನೀವು ಬರಬೇಕಿಲ್ಲ ಸಾರ್, ನಾನೇ ನೋಡಿಕೊಳ್ಳುತ್ತೇನೆ’ ಅಂತ ತಿಳಿಸಬೇಕಿತ್ತು. ಅವರಿಗೆ ತೊಂದರೆ ತಪ್ಪಲಿ ಅನ್ನುವ ಒಳ್ಳೆಯ ಮನಸ್ಸಿನಿಂದ ಇವನು ಬರೆದದ್ದು ‘ಯು ಮಸ್ಟ್ ನಾಟ್ ಕಮ್ ಟು ದ ಮೀಟಿಂಗ್ ಟುಮಾರೋ’. ಓದಿದವರಿಗೆ ಅದು ‘ನಾಳೆ ನೀವು ಬರಕೂಡದು’ ಅಂತ ಕಂಡಿತು. ಎರಡು ದಿನ ಅವರು ಇವನ ಜೊತೆ ಮಾತಾಡಲಿಲ್ಲ. ರಾತ್ರಿ ನನಗೆ ಫೋನ್ ಮಾಡಿ, ‘ಚಿಕ್ಕಮ್ಮಾ, ಗ್ರಾಮರ್ ಸರಿ ಇತ್ತು ಅಲ್ವಾ?’ ಅಂತ ಕೇಳಿದ. ಗ್ರಾಮರ್ ಸರಿಯಾಗಿಯೇ ಇತ್ತು. ಅರ್ಥ ಮಾತ್ರ ಪೂರ್ತಿ ತಿರುಗಿಬಿಟ್ಟಿತ್ತು.

ಸಂಜೆ ಹೊತ್ತು ಡಿಗ್ರಿ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವಾಗಲೂ ನಾನು ಇದೇ ತಪ್ಪನ್ನು ಮತ್ತೆ ಮತ್ತೆ ನೋಡುತ್ತೇನೆ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ. ಶಾಲೆಯಲ್ಲಿ ನಮಗೆ ‘ಮಸ್ಟ್ ಅಂದರೆ ಬೇಕು, ಶುಡ್ ಅಂದರೆ ಬೇಕು, ಹ್ಯಾವ್ ಟು ಅಂದರೂ ಬೇಕು’ ಅಂತ ಉರು ಹೊಡೆಸಿದ್ದಾರೆ. ಮೂರಕ್ಕೂ ಒಂದೇ ಅರ್ಥ ಕೊಟ್ಟರೆ ಮಕ್ಕಳು ಬಾಯಿಗೆ ಬಂದದ್ದನ್ನು ಹಾಕುತ್ತಾರೆ, ಇನ್ನೇನು ಮಾಡುತ್ತಾರೆ? ಆದರೆ ಒಂದು ಮಾತು. ಈ ವ್ಯತ್ಯಾಸಗಳು ಹೆಚ್ಚುಕಡಿಮೆ ಎಲ್ಲವೂ ನಮ್ಮ ಕನ್ನಡದಲ್ಲೇ ಇವೆ. ಬೇಕು, ಲೇಬೇಕು, ಬೇಕಾಯ್ತು, ಬೇಕಿತ್ತು, ಬೇಕಾಗುತ್ತೆ, ಬೇಕಿಲ್ಲ, ಬಾರದು, ಬಾರದಿತ್ತು. ಈ ಬಾಲಗಳನ್ನು ನಾವು ದಿನಾ ಒಂದೂ ತಪ್ಪಿಲ್ಲದೆ ಬಳಸುತ್ತೇವೆ. ಹಾಗಾಗಿ ಇಂಗ್ಲಿಷ್ ನಿಯಮ ಬಾಯಿಪಾಠ ಮಾಡುವ ಮೊದಲು ನಿಮ್ಮ ಕನ್ನಡ ವಾಕ್ಯದ ಬಾಲ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲ ಹೆಜ್ಜೆ: ಆಸೆಯೋ, ಅಗತ್ಯವೋ, ಕಟ್ಟುಪಾಡೋ?

‘ಕಾಫಿ ಬೇಕು’ ಅನ್ನುವುದು ಆಸೆ. ‘ಔಷಧಿ ಬೇಕು’ ಅನ್ನುವುದು ಅಗತ್ಯ. ಮೊದಲನೆಯದಕ್ಕೆ ‘ಐ ವಾಂಟ್ ಕಾಫಿ’, ಎರಡನೆಯದಕ್ಕೆ ‘ಐ ನೀಡ್ ಮೆಡಿಸಿನ್’. ಇಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ‘ಹೋಗಬೇಕು’ ಬಂದಾಗ. ‘ಸಾರ್, ನಾನು ಇವತ್ತು ಬೇಗ ಹೋಗಬೇಕು’ ಅಂದರೆ ಮನೆಯಲ್ಲಿ ಏನೋ ಕೆಲಸವಿದೆ, ಹೋಗದೆ ವಿಧಿಯಿಲ್ಲ ಅಂತ ಅರ್ಥ. ಅದನ್ನು ‘ಸರ್, ಐ ವಾಂಟ್ ಟು ಗೋ ಅರ್ಲಿ’ ಅಂದರೆ ಕೇಳುವವರಿಗೆ ‘ನನಗೆ ಬೇಗ ಹೋಗೋ ಆಸೆ ಆಗಿದೆ’ ಅನ್ನುವ ಹಾಗೆ ಇರುತ್ತದೆ. ಹೇಳಬೇಕಾದ್ದು ‘ಐ ಹ್ಯಾವ್ ಟು ಲೀವ್ ಅರ್ಲಿ ಟುಡೇ’.

ಗುರುತು ಹಿಡಿಯುವುದು ಸುಲಭ. ವಾಕ್ಯದಲ್ಲಿ ‘ಅನ್ನಿಸುತ್ತಿದೆ’ ಸೇರಿಸಿ ನೋಡಿ. ‘ಊರಿಗೆ ಹೋಗಬೇಕು ಅನ್ನಿಸುತ್ತಿದೆ’ ಅಂದಾಗಲೂ ನಿಮ್ಮ ಅರ್ಥ ಬದಲಾಗದಿದ್ದರೆ ಅದು ವಾಂಟ್ ಟು. ‘ಟ್ಯಾಕ್ಸ್ ಕಟ್ಟಬೇಕು ಅನ್ನಿಸುತ್ತಿದೆ’ ಅಂತ ಯಾರೂ ಹೇಳುವುದಿಲ್ಲ. ಅದು ಹ್ಯಾವ್ ಟು.

ಎರಡನೇ ಹೆಜ್ಜೆ: ಒತ್ತಾಯ ಎಲ್ಲಿಂದ ಬಂತು?

ಒತ್ತಾಯ ಹೊರಗಿನಿಂದ ಬಂದಿದ್ದರೆ, ಅಂದರೆ ನಿಯಮ, ಆಫೀಸು, ಡಾಕ್ಟರ್, ಪರಿಸ್ಥಿತಿ ಇವುಗಳಿಂದ ಬಂದಿದ್ದರೆ ಹ್ಯಾವ್ ಟು. ‘ಐ ಹ್ಯಾವ್ ಟು ಸೈನ್ ದ ರಿಜಿಸ್ಟರ್ ಎವೆರಿ ಮಾರ್ನಿಂಗ್.’ ಮಾತಾಡುವವರ ಮನಸ್ಸಿನಿಂದಲೇ ಬಂದಿದ್ದರೆ ಮಸ್ಟ್. ‘ಐ ಮಸ್ಟ್ ಕಾಲ್ ಮೈ ಮದರ್ ಟುನೈಟ್.’ ಅಮ್ಮನಿಗೆ ಫೋನ್ ಮಾಡಿ ಅಂತ ಯಾರೂ ಆಜ್ಞೆ ಮಾಡಿಲ್ಲ, ನನಗೇ ಮಾಡಲೇಬೇಕು ಅನ್ನಿಸಿದೆ. ಕನ್ನಡದ ‘ಲೇಬೇಕು’ ಇದಕ್ಕೆ ಹತ್ತಿರ.

ನಿಜ ಹೇಳಬೇಕೆಂದರೆ ಈ ಗೆರೆ ಈಗ ತೆಳ್ಳಗಾಗುತ್ತಾ ಬಂದಿದೆ. ಮಾತಿನಲ್ಲಿ ಮಸ್ಟ್ ಬಳಕೆ ಕಡಿಮೆಯಾಗಿದೆ, ಅಮೆರಿಕದಲ್ಲಂತೂ ತುಂಬಾ ಕಡಿಮೆ. ಅಲ್ಲಿ ಎಲ್ಲದಕ್ಕೂ ಹ್ಯಾವ್ ಟು, ನೀಡ್ ಟು, ಇಲ್ಲವೇ ‘ಐವ್ ಗಾಟ್ ಟು ಗೋ’. ಹಾಗಾಗಿ ಅನುಮಾನ ಬಂದಾಗ ಹ್ಯಾವ್ ಟು ಹಾಕಿ, ತಪ್ಪಾಗುವುದಿಲ್ಲ. ಎದುರಿಗಿರುವವರಿಗೆ ‘ಯು ಮಸ್ಟ್’ ಅನ್ನುವಾಗ ಮಾತ್ರ ಒಂದು ಕ್ಷಣ ಯೋಚಿಸಿ, ಯಾಕೆಂದರೆ ಅದರಲ್ಲಿ ‘ನಾನು ಹೇಳುತ್ತಿದ್ದೇನೆ, ಮಾಡು’ ಅನ್ನುವ ದನಿ ಇದೆ. ಒಂದು ಕಡೆ ಮಾತ್ರ ಇದೇ ಬಲ ಪ್ರೀತಿಯಾಗುತ್ತದೆ. ಅದು ಊಟಕ್ಕೆ ಕರೆಯುವಾಗ. ‘ಯು ಮಸ್ಟ್ ಕಮ್ ಹೋಮ್ ಫಾರ್ ಲಂಚ್’ ಅಂದರೆ ನಮ್ಮ ‘ನೀವು ಬರಲೇಬೇಕು’ ಇದ್ದ ಹಾಗೆಯೇ.

ಕಟ್ಟುವ ರೀತಿಯಲ್ಲೂ ಇವೆರಡು ಬೇರೆ ಬೇರೆ. ಮಸ್ಟ್ ಆದ ಮೇಲೆ ಬರಿಯ ಕ್ರಿಯಾಪದ: ‘ಶಿ ಮಸ್ಟ್ ಗೋ’. ‘ಮಸ್ಟ್ ಟು ಗೋ’ ಇಲ್ಲ, ‘ಮಸ್ಟ್ ಗೋಸ್’ ಇಲ್ಲ. ‘ಶುಡ್ ಮಸ್ಟ್’, ‘ಹ್ಯಾವ್ ಟು ಮಸ್ಟ್’ ಅಂತ ಎರಡನ್ನು ಜೊತೆಗೆ ಹಾಕುವಂತೆಯೂ ಇಲ್ಲ. ಹ್ಯಾವ್ ಟು ಸಾಮಾನ್ಯ ಕ್ರಿಯಾಪದದ ಹಾಗೆ ಬದಲಾಗುತ್ತದೆ. ‘ಶಿ ಹ್ಯಾಸ್ ಟು ಗೋ’, ‘ಡಸ್ ಶಿ ಹ್ಯಾವ್ ಟು ಗೋ?’, ‘ಶಿ ಡಸಂಟ್ ಹ್ಯಾವ್ ಟು ಗೋ’. ಡಸ್ ಬಂದ ಕೂಡಲೇ ಹ್ಯಾಸ್ ಮತ್ತೆ ಹ್ಯಾವ್ ಆಗಿಬಿಡುತ್ತದೆ, ಗಮನಿಸಿ. ಮಾತಾಡುವಾಗ ಹ್ಯಾವ್ ಟು ‘ಹ್ಯಾಫ್ಟು’ ಆಗುತ್ತದೆ, ಹ್ಯಾಸ್ ಟು ‘ಹ್ಯಾಸ್ಟು’ ಆಗುತ್ತದೆ. ಸಿನಿಮಾ ನೋಡುವಾಗ ಈ ಪದ ಕಿವಿಗೆ ಬೀಳುವುದೇ ಇಲ್ಲ ಅನ್ನುವವರಿಗೆ ಇದೇ ಕಾರಣ.

ಮೂರನೇ ಹೆಜ್ಜೆ: ಮಾಡದಿದ್ದರೆ ಏನಾಗುತ್ತದೆ?

ಮಾಡದಿದ್ದರೆ ದಂಡ, ಕೆಲಸ ಹೋಗುವುದು, ಪರೀಕ್ಷೆಗೆ ಕೂರಿಸದಿರುವುದು ಹೀಗೆ ಏನಾದರೂ ಖಚಿತವಾಗಿ ಆಗುವುದಾದರೆ ಮಸ್ಟ್ ಅಥವಾ ಹ್ಯಾವ್ ಟು. ಮಾಡಿದರೆ ಒಳ್ಳೆಯದು, ಬಿಟ್ಟರೆ ನಿಮ್ಮಿಷ್ಟ ಅಂತಾದರೆ ಶುಡ್.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ, ಹೈವೇ ಕೋಡ್. ಮೊದಲು ಬಂದದ್ದು 1931ರಲ್ಲಿ. ಅದರಲ್ಲಿ ದಪ್ಪ ಅಕ್ಷರದಲ್ಲಿ ಮಸ್ಟ್ ಅಥವಾ ಮಸ್ಟ್ ನಾಟ್ ಅಂತ ಇದ್ದರೆ ಅದು ಕಾನೂನು, ಮೀರಿದರೆ ಅಪರಾಧ. ಶುಡ್ ಅಂತ ಇದ್ದರೆ ಅದು ಸಲಹೆ. ಪಾಲಿಸದಿದ್ದರೆ ಅಷ್ಟಕ್ಕೇ ಕೇಸು ಬೀಳುವುದಿಲ್ಲ, ಆದರೆ ಅಪಘಾತವಾಗಿ ಕೋರ್ಟಿಗೆ ಹೋದರೆ ಅದನ್ನು ನಿಮ್ಮ ವಿರುದ್ಧ ಎತ್ತಿ ತೋರಿಸಬಹುದು. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಹೋಗಿ ನೆಲೆಸಿದ ನಮ್ಮವರು ಅಲ್ಲಿ ಲೈಸೆನ್ಸ್ ಪರೀಕ್ಷೆಗೆ ಓದುವುದು ಇದನ್ನೇ. ಎರಡು ಸಣ್ಣ ಪದಗಳ ನಡುವೆ ಇಷ್ಟು ದೊಡ್ಡ ಅಂತರ ಇದೆ ಅಂತ ನನ್ನ ವಿದ್ಯಾರ್ಥಿಗಳಿಗೆ ನಂಬಿಸಲು ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಶುಡ್ ಜೊತೆಗೆ ಆಟ್ ಟು ಅಂತ ಇನ್ನೊಂದಿದೆ. ಅರ್ಥ ಬಹುತೇಕ ಒಂದೇ, ನೀತಿಯ ದನಿ ಸ್ವಲ್ಪ ಜಾಸ್ತಿ. ‘ವಿ ಆಟ್ ಟು ಹೆಲ್ಪ್ ದೆಮ್.’ ಈ ಪದ ಹುಟ್ಟಿದ್ದು ಓ ಅನ್ನುವ ಕ್ರಿಯಾಪದದಿಂದ, ಅಂದರೆ ‘ಸಾಲ ಇರುವುದು’ ಅನ್ನುವುದರಿಂದ. ಅವರಿಗೆ ನಾವು ಋಣಿ, ಹಾಗಾಗಿ ಮಾಡಬೇಕು ಅನ್ನುವ ಭಾವ ಇನ್ನೂ ಅದರೊಳಗೆ ಉಳಿದಿದೆ. ಓದುವಾಗ ಅರ್ಥವಾದರೆ ಸಾಕು, ಮಾತಿಗೆ ಶುಡ್ ಧಾರಾಳವಾಯಿತು.

ಹ್ಯಾಡ್ ಬೆಟರ್ ಮಾತ್ರ ಬೇರೆ ಜಾತಿ. ನೋಡಲು ಹಳೆಯ ಕಾಲದ ರೂಪ, ಅರ್ಥ ಈಗಿನದು. ‘ಯು ಹ್ಯಾಡ್ ಬೆಟರ್ ಟೇಕ್ ಆನ್ ಅಂಬ್ರೆಲಾ’ ಅಂದರೆ ‘ಕೊಡೆ ತಗೊಂಡು ಹೋಗೋದು ಒಳ್ಳೇದು, ಇಲ್ಲಾಂದ್ರೆ ನೆನೀತೀಯ’. ಈ ‘ಇಲ್ಲಾಂದ್ರೆ’ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಆದ್ದರಿಂದ ಗೆಳೆಯರಿಗೆ, ಮಕ್ಕಳಿಗೆ ಹೇಳಬಹುದು. ಮೇಲಧಿಕಾರಿಗೆ ‘ಯು ಹ್ಯಾಡ್ ಬೆಟರ್ ರಿಪ್ಲೈ ಟುಡೇ’ ಅಂದರೆ ಬೆದರಿಕೆ ಹಾಕಿದಂತೆ. ‘ಬೆಟರ್’ ಅನ್ನುವ ಪದ ನೋಡಿ ಇದು ವಿನಯದ ಮಾತು ಅಂದುಕೊಳ್ಳುವವರು ಬಹಳ ಮಂದಿ.

ನಾಲ್ಕನೇ ಹೆಜ್ಜೆ: ‘ಬಾರದು’ ಮತ್ತು ‘ಬೇಕಿಲ್ಲ’ ಬೇರೆ ಮಾಡಿ

ಇಲ್ಲಿ ನಿಧಾನವಾಗಿ ಓದಿ. ಅಕ್ಕನ ಮಗ ಬಿದ್ದದ್ದು ಇಲ್ಲೇ.

ಮಸ್ಟ್ ಮತ್ತು ಹ್ಯಾವ್ ಟು ‘ಹೌದು’ ಅನ್ನುವ ವಾಕ್ಯದಲ್ಲಿ ಅಕ್ಕತಂಗಿಯರ ಹಾಗೆ. ‘ಇಲ್ಲ’ ಬಂದ ತಕ್ಷಣ ಎರಡೂ ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ‘ಯು ಮಸ್ಟಂಟ್ ಈಟ್ ದಿಸ್’ ಅಂದರೆ ಇದನ್ನು ತಿನ್ನಬಾರದು, ನಿಷೇಧ. ‘ಯು ಡೋಂಟ್ ಹ್ಯಾವ್ ಟು ಈಟ್ ದಿಸ್’ ಅಂದರೆ ತಿನ್ನಬೇಕಿಲ್ಲ, ಬೇಕಿದ್ದರೆ ತಿನ್ನು, ಬೇಡದಿದ್ದರೆ ಬಿಡು. ಒಬ್ಬ ನರ್ಸ್ ರೋಗಿಗೆ ಇವೆರಡನ್ನು ಅದಲು ಬದಲು ಮಾಡಿ ಹೇಳಿದರೆ ಏನಾಗಬಹುದು ಯೋಚಿಸಿ. ಕೇರಳ, ಕರ್ನಾಟಕದಿಂದ ಎಷ್ಟೋ ಹೆಣ್ಣುಮಕ್ಕಳು ಹೊರದೇಶಗಳಲ್ಲಿ ನರ್ಸ್ ಕೆಲಸ ಮಾಡುತ್ತಿದ್ದಾರೆ, ಅವರಿಗೆ ಇದು ಬರೀ ಪರೀಕ್ಷೆಯ ಅಂಕದ ವಿಷಯವಲ್ಲ.

ಕನ್ನಡದಲ್ಲಿ ನಾವು ಇದನ್ನು ಯಾವತ್ತೂ ತಪ್ಪುವುದಿಲ್ಲ. ‘ಒಳಗೆ ಬರಬಾರದು’ ಮತ್ತು ‘ಒಳಗೆ ಬರಬೇಕಿಲ್ಲ’ ಎರಡೂ ಒಂದೇ ಅಂತ ಮೂರು ವರ್ಷದ ಮಗುವೂ ಹೇಳುವುದಿಲ್ಲ. ಹಾಗಾಗಿ ಬಾರದು, ಕೂಡದು ಬಂದರೆ ಮಸ್ಟಂಟ್. ಅಮೆರಿಕದವರ ಜೊತೆಯಾದರೆ ‘ಯು ಕಾಂಟ್’ ಹೆಚ್ಚು ಸಹಜ. ಬೇಕಿಲ್ಲ, ಬೇಕಾಗಿಲ್ಲ, ‘ಮಾಡದಿದ್ದರೂ ನಡೆಯುತ್ತೆ’ ಬಂದರೆ ಡೋಂಟ್ ಹ್ಯಾವ್ ಟು ಅಥವಾ ಡೋಂಟ್ ನೀಡ್ ಟು. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಯು ನೀಡಂಟ್ ಕಮ್’ ಅಂತಲೂ ಇದೆ, ಅಲ್ಲಿ ಟು ಬರುವುದಿಲ್ಲ. ಬಾರದು ಅನ್ನುವುದು ಬರೀ ಸಲಹೆಯಾಗಿದ್ದರೆ, ಅಂದರೆ ‘ಇಷ್ಟು ಹೊತ್ತು ಎಚ್ಚರ ಇರಬಾರದು ಕಣೇ’ ಅನ್ನುವ ಥರ, ಶುಡಂಟ್ ಸಾಕು.

ಅಂದಹಾಗೆ ಮಸ್ಟಂಟ್ ಅನ್ನುವಾಗ ನಡುವಿನ ಟಕಾರ ಉಚ್ಚರಿಸಬಾರದು. ‘ಮಸಂಟ್’ ಅಂತ ಬರಬೇಕು.

ಐದನೇ ಹೆಜ್ಜೆ: ನಿನ್ನೆಯ ‘ಬೇಕು’

ನನಗೆ ಅತಿ ಇಷ್ಟವಾದ ಭಾಗ ಇದು, ಯಾಕೆಂದರೆ ಇಲ್ಲಿ ಕನ್ನಡ ಬಲ್ಲವರಿಗೆ ನಿಜಕ್ಕೂ ಅನುಕೂಲವಿದೆ.

ಮೊದಲಿಗೆ, ಮಸ್ಟ್ ಅನ್ನುವುದಕ್ಕೆ ಭೂತಕಾಲವೇ ಇಲ್ಲ. ‘ಯೆಸ್ಟರ್ಡೇ ಐ ಮಸ್ಟ್ ಗೋ’ ತಪ್ಪು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಮಸ್ಟ್ ಅನ್ನುವುದೇ ಇನ್ನೊಂದು ಕ್ರಿಯಾಪದದ ಭೂತರೂಪವಾಗಿತ್ತು. ಮೂಲ ಪದ ಸತ್ತುಹೋಯಿತು, ಭೂತರೂಪವೇ ವರ್ತಮಾನದ ಕೆಲಸಕ್ಕೆ ನಿಂತಿತು. ಆದ್ದರಿಂದ ನಿನ್ನೆಯ ಒತ್ತಾಯಕ್ಕೆ ಹ್ಯಾಡ್ ಟು ಅನ್ನೇ ಎರವಲು ತರಬೇಕು.

ಈಗ ನಮ್ಮ ಮೂರು ಬಾಲ ನೋಡಿ.

‘ನಿನ್ನೆ ಬ್ಯಾಂಕಿಗೆ ಹೋಗಬೇಕಾಯ್ತು.’ ಅಂದರೆ ಹೋದೆ. ಇಷ್ಟವಿತ್ತೋ ಇಲ್ಲವೋ, ಕೆಲಸ ಆಗಿದೆ. ‘ಐ ಹ್ಯಾಡ್ ಟು ಗೋ ಟು ದ ಬ್ಯಾಂಕ್.’

‘ನಿನ್ನೆ ಬ್ಯಾಂಕಿಗೆ ಹೋಗಬೇಕಿತ್ತು.’ ಅಂದರೆ ಸಾಮಾನ್ಯವಾಗಿ ಹೋಗಲಿಲ್ಲ. ಇದರ ಹಿಂದೆ ‘ಛೇ’ ಇದ್ದರೆ, ಹೋಗದೆ ತಪ್ಪು ಮಾಡಿದೆ ಅನ್ನುವ ಬೇಸರವಿದ್ದರೆ ‘ಐ ಶುಡ್ ಹ್ಯಾವ್ ಗಾನ್’. ಬರೀ ಮೊದಲೇ ಗೊತ್ತಾಗಿದ್ದ ಕೆಲಸ ಆಗಲಿಲ್ಲ ಅನ್ನುವುದಾದರೆ ‘ಐ ವಾಸ್ ಸಪೋಸ್ಡ್ ಟು ಗೋ’.

‘ಅವನು ಬ್ಯಾಂಕಿಗೆ ಹೋಗಿರಬೇಕು.’ ಇಲ್ಲಿ ಒತ್ತಾಯವೇ ಇಲ್ಲ, ಊಹೆ ಇದೆ. ಸ್ಕೂಟರ್ ಇಲ್ಲ, ಪಾಸ್‌ಬುಕ್ ಕಾಣುತ್ತಿಲ್ಲ, ಹಾಗಾಗಿ ಹೋಗಿರಬೇಕು. ‘ಹಿ ಮಸ್ಟ್ ಹ್ಯಾವ್ ಗಾನ್ ಟು ದ ಬ್ಯಾಂಕ್.’ ಮಸ್ಟ್ ಹ್ಯಾವ್ ಅನ್ನುವುದನ್ನು ‘ಹೋಗಬೇಕಾಯ್ತು’ ಅನ್ನುವ ಕಡೆ ಹಾಕಿದರೆ ವಾಕ್ಯ ಕೆಟ್ಟುಹೋಗುತ್ತದೆ. ಈ ಊಹೆಯನ್ನೇ ತಿರುಗಿಸಿ ‘ಹೋಗಿರೋಕೆ ಸಾಧ್ಯವೇ ಇಲ್ಲ’ ಅನ್ನಬೇಕಾದರೆ ‘ಹಿ ಕಾಂಟ್ ಹ್ಯಾವ್ ಗಾನ್’.

ತುಂಬ ಜನ ‘ಹೋಗಬೇಕಿತ್ತು’ ಅನ್ನುವುದಕ್ಕೆ ‘ಐ ಹ್ಯಾಡ್ ಟು ಗೋ’ ಅನ್ನುತ್ತಾರೆ. ಕೇಳಿದವರು ಹೋಗಿಬಂದಿದ್ದಾರೆ ಅಂದುಕೊಳ್ಳುತ್ತಾರೆ. ‘ರಿಪೋರ್ಟ್ ನಿನ್ನೆ ಕಳಿಸಬೇಕಿತ್ತು ಸಾರ್, ಕರೆಂಟ್ ಹೋಯ್ತು’ ಅನ್ನುವುದನ್ನು ‘ಐ ಹ್ಯಾಡ್ ಟು ಸೆಂಡ್ ದ ರಿಪೋರ್ಟ್ ಯೆಸ್ಟರ್ಡೇ’ ಅಂತ ಬರೆದು ನಿಲ್ಲಿಸಿದರೆ ಸಾಹೇಬರು ಇನ್‌ಬಾಕ್ಸಿನಲ್ಲಿ ಆ ರಿಪೋರ್ಟನ್ನು ಹುಡುಕುತ್ತಾ ಕೂರುತ್ತಾರೆ. ಪರೀಕ್ಷೆ ಹೀಗಿದೆ: ನಿಮ್ಮ ಕನ್ನಡ ವಾಕ್ಯದ ಕೊನೆಗೆ ‘ಆದರೆ ಮಾಡಲಿಲ್ಲ’ ಸೇರಿಸಿ. ಸೇರಿದರೆ ಶುಡ್ ಹ್ಯಾವ್ ಅಥವಾ ವಾಸ್ ಸಪೋಸ್ಡ್ ಟು. ಸೇರದಿದ್ದರೆ ಹ್ಯಾಡ್ ಟು.

‘ಬಾರದಿತ್ತು’ ಅಂದರೆ ಮಾಡಿಬಿಟ್ಟಿದ್ದೇವೆ, ಈಗ ಪಶ್ಚಾತ್ತಾಪ. ‘ಐ ಶುಡಂಟ್ ಹ್ಯಾವ್ ಸೆಡ್ ದಟ್.’ ‘ಬೇಕಿರಲಿಲ್ಲ’ ಮಾತ್ರ ಸ್ವಲ್ಪ ತೊಡಕಿನದು. ಅಗತ್ಯವಿರಲಿಲ್ಲ, ಹಾಗಾಗಿ ಮಾಡಲೂ ಇಲ್ಲ ಅಂದರೆ ‘ಐ ಡಿಡಂಟ್ ಹ್ಯಾವ್ ಟು ಕುಕ್’. ಅಗತ್ಯವಿರಲಿಲ್ಲ, ಆದರೂ ಮಾಡಿದ್ದಾಯಿತು ಅಂದರೆ ‘ಐ ನೀಡಂಟ್ ಹ್ಯಾವ್ ಕುಕ್ಡ್’. ನೆಂಟರು ಉಂಡುಕೊಂಡೇ ಬಂದರು, ಅಡುಗೆ ಎಲ್ಲ ಉಳಿಯಿತು, ಆಗ ‘ಸುಮ್ನೆ ಮಾಡಿದೆ’ ಅನ್ನುತ್ತೇವಲ್ಲ, ಆ ‘ಸುಮ್ನೆ’ಯೇ ನೀಡಂಟ್ ಹ್ಯಾವ್.

ನಾಳೆಯದು ಸುಲಭ. ‘ಬೇಕಾಗುತ್ತೆ’ ಅಂದರೆ ‘ವಿಲ್ ಹ್ಯಾವ್ ಟು’. ‘ಯು ವಿಲ್ ಹ್ಯಾವ್ ಟು ವೇಟ್.’ ಅಷ್ಟೇ.

ಆರನೇ ಹೆಜ್ಜೆ: ಗೌರವದ ‘ಬೇಕು’ ಬಂದರೆ ಶುಡ್ ಮುಟ್ಟಬೇಡಿ

ವ್ಯಾಕರಣದ ಪಾಠದಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಜನರ ಮನಸ್ಸು ಮುರಿಯುವುದು ಹೆಚ್ಚಾಗಿ ಇಲ್ಲೇ.

ಕನ್ನಡದಲ್ಲಿ ‘ಬೇಕು’ ಕೈಮುಗಿದೂ ಬರುತ್ತದೆ. ರಜಾ ಅರ್ಜಿಯಲ್ಲಿ ‘ಎರಡು ದಿನ ರಜೆ ನೀಡಬೇಕೆಂದು ಕೋರುತ್ತೇನೆ’ ಅಂತ ಬರೆಯುತ್ತೇವೆ. ಮದುವೆ ಪತ್ರಿಕೆಯಲ್ಲಿ ‘ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ’ ಅಂತ ಹಾಕಿಸುತ್ತೇವೆ. ‘ಸಾರ್, ತಾವು ಒಮ್ಮೆ ನೋಡಬೇಕು’ ಅನ್ನುವುದರಲ್ಲಿ ಎಷ್ಟು ವಿನಯವಿದೆ! ಇದನ್ನೇ ‘ಸರ್, ಯು ಶುಡ್ ಸೀ ದಿಸ್ ಒನ್ಸ್’ ಅಂದರೆ ವಿನಯವೆಲ್ಲ ಆವಿಯಾಗಿ, ಕಿರಿಯ ಹಿರಿಯನಿಗೆ ಬುದ್ಧಿ ಹೇಳಿದ ಹಾಗಾಗುತ್ತದೆ. ಇಂಗ್ಲಿಷಿನಲ್ಲಿ ಕೋರಿಕೆಗೆ ಬೇರೆಯೇ ದಾರಿ. ‘ಕುಡ್ ಯು ಪ್ಲೀಸ್ ಟೇಕ್ ಎ ಲುಕ್ ಅಟ್ ದಿಸ್?’ ಅಥವಾ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಗ್ರಾಂಟ್ ಮಿ ಟೂ ಡೇಸ್ ಲೀವ್’. ಪ್ಲೀಸ್ ಒಂದನ್ನು ಸೇರಿಸಿ ‘ಪ್ಲೀಸ್, ಯು ಮಸ್ಟ್ ಸೆಂಡ್ ಇಟ್ ಟುಡೇ’ ಅಂದರೆ ಆಜ್ಞೆ ಆಜ್ಞೆಯಾಗಿಯೇ ಉಳಿಯುತ್ತದೆ.

ನಿಮ್ಮ ಕೈಕೆಳಗಿನವರಿಗೆ ಹೇಳುವಾಗಲೂ ‘ಯು ಹ್ಯಾವ್ ಟು ಫಿನಿಶ್ ದಿಸ್’ ಅನ್ನುವ ಬದಲು ‘ವಿ ನೀಡ್ ಟು ಫಿನಿಶ್ ದಿಸ್ ಬೈ ಫೋರ್’ ಅಂದು ನೋಡಿ. ನಾವು ‘ಮುಗಿಸೋಣ’ ಅನ್ನುತ್ತೇವಲ್ಲ, ಅದರ ಹಾಗೆ. ನನ್ನ ಅನುಭವದಲ್ಲಿ ಕೆಲಸ ಬೇಗ ಆಗುತ್ತದೆ, ಮುಖವೂ ಗಂಟಾಗುವುದಿಲ್ಲ.

ಏಳನೇ ಹೆಜ್ಜೆ: ಕಾಗದಪತ್ರದ ಭಾಷೆ

ಕರಾರುಪತ್ರ, ಟೆಂಡರ್, ಕಾನೂನು ಓದುವವರಿಗೆ ಶಾಲ್ ಎದುರಾಗುತ್ತದೆ. ಮಾತಿನಲ್ಲಿ ‘ಶಾಲ್ ಐ?’ ಅಂದರೆ ‘ಮಾಡಲಾ?’ ಅಂತ ಕೇಳಿದಂತೆ. ಕಾನೂನಿನಲ್ಲಿ ಅದೇ ಶಾಲ್ ಕಟ್ಟಳೆ. ನಮ್ಮ ಸಂವಿಧಾನದ 51ಎ ವಿಧಿ, 1976ರಲ್ಲಿ 42ನೇ ತಿದ್ದುಪಡಿಯಿಂದ ಬಂದ ಮೂಲಭೂತ ಕರ್ತವ್ಯಗಳ ಭಾಗ, ಶುರುವಾಗುವುದೇ ‘ಇಟ್ ಶಾಲ್ ಬಿ ದ ಡ್ಯೂಟಿ ಆಫ್ ಎವೆರಿ ಸಿಟಿಜನ್ ಆಫ್ ಇಂಡಿಯಾ’ ಅಂತ. ಸರ್ಕಾರಿ ಕನ್ನಡದಲ್ಲಿ ‘ಸಲ್ಲಿಸತಕ್ಕದ್ದು’, ‘ಪಾಲಿಸತಕ್ಕದ್ದು’ ಅಂತ ಓದಿರುತ್ತೀರಿ. ಆ ‘ತಕ್ಕದ್ದು’ ಅನ್ನುವುದೇ ಶಾಲ್. ಆದರೆ ನೀವೇ ಹೊಸದಾಗಿ ಏನಾದರೂ ನಿಯಮ ಬರೆಯುತ್ತಿದ್ದರೆ ಮಸ್ಟ್ ಬಳಸಿ ಅನ್ನುತ್ತೇನೆ. ಅಮೆರಿಕದ ಸರ್ಕಾರದ ಸರಳ ಭಾಷೆಯ ಮಾರ್ಗಸೂಚಿಯೂ ಶಾಲ್ ಬಿಟ್ಟು ಮಸ್ಟ್ ಬರೆಯಿರಿ ಅನ್ನುತ್ತದೆ, ಯಾಕೆಂದರೆ ಓದುವವರಿಗೆ ಗೊಂದಲವಾಗುವುದಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇನ್ನೊಂದು ಮಾತು. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳಲ್ಲಿ ಈ ಪದಗಳ ತೂಕ ಎಷ್ಟು ಅಂತ ಹೇಳಲೆಂದೇ 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆ ಬಂತು. ಅದರ ಪ್ರಕಾರ ಮಸ್ಟ್, ಶಾಲ್ ಎರಡೂ ಒಂದೇ, ಕಡ್ಡಾಯ. ಶುಡ್ ಅಂದರೆ ಸರಿಯಾದ ಕಾರಣವಿದ್ದರೆ ಬಿಡಬಹುದು, ಆದರೆ ಬಿಟ್ಟರೆ ಏನಾಗುತ್ತದೆ ಅಂತ ಪೂರ್ತಿ ತಿಳಿದುಕೊಂಡು ಬಿಡಬೇಕು. ಮೇ ಅಂದರೆ ನಿಮ್ಮಿಷ್ಟ. ಡಿಸೈನ್ ಡಾಕ್ಯುಮೆಂಟಿನಲ್ಲಿ ಶುಡ್ ಅಂತ ಬರೆದು ಆಮೇಲೆ ‘ಕಡ್ಡಾಯ ಅಂತ ಹೇಳಿದ್ದೆನಲ್ಲ’ ಅಂತ ಜಗಳಾಡುವ ಮೊದಲು ಇದನ್ನು ಒಮ್ಮೆ ಓದಿಕೊಳ್ಳಿ.

ಅಭ್ಯಾಸ ಹೇಗೆ?

ಒಂದು ದಿನ ನಿಮ್ಮ ಬಾಯಿಂದ ಬಂದ ‘ಬೇಕು’, ‘ಬಾರದು’ ವಾಕ್ಯಗಳನ್ನು ಮೊಬೈಲಿನಲ್ಲಿ ಬರೆದಿಡಿ. ಸಂಜೆಗೆ ಇಪ್ಪತ್ತಾದರೂ ಆಗಿರುತ್ತವೆ. ರಾತ್ರಿ ಕೂತು ಒಂದೊಂದಕ್ಕೂ ಮೇಲಿನ ಪ್ರಶ್ನೆ ಕೇಳಿ: ಆಸೆಯಾ? ಒತ್ತಾಯ ಯಾರದ್ದು? ಮಾಡದಿದ್ದರೆ ಏನಾಗುತ್ತೆ? ಆಯ್ತಾ, ಆಗಲಿಲ್ವಾ? ಯಾರಿಗೆ ಹೇಳಿದೆ? ಪುಸ್ತಕದ ಖಾಲಿ ಜಾಗ ತುಂಬುವುದಕ್ಕಿಂತ ಇದು ಎಷ್ಟೋ ಪಾಲು ಮೇಲು, ಯಾಕೆಂದರೆ ಅವು ನಿಮ್ಮದೇ ಮಾತುಗಳು, ನಾಳೆ ಮತ್ತೆ ಬೇಕಾಗುತ್ತವೆ.

ಶುರುವಿಗೆ ಇವು ಇರಲಿ. ‘ಗ್ಯಾಸ್ ಬುಕ್ ಮಾಡಬೇಕಿತ್ತು, ಮರೆತೇಬಿಟ್ಟೆ’ ಅನ್ನುವುದಕ್ಕೆ ‘ಐ ವಾಸ್ ಸಪೋಸ್ಡ್ ಟು ಬುಕ್ ದ ಗ್ಯಾಸ್, ಬಟ್ ಐ ಫರ್ಗಾಟ್’. ‘ಬಸ್ ಸಿಗಲಿಲ್ಲ, ನಡೆದೇ ಬರಬೇಕಾಯ್ತು’ ಅನ್ನುವುದಕ್ಕೆ ‘ಐ ಹ್ಯಾಡ್ ಟು ವಾಕ್’. ‘ಅಜ್ಜಿ ಮಲಗಿರಬೇಕು, ಫೋನ್ ಎತ್ತುತ್ತಿಲ್ಲ’ ಅನ್ನುವುದಕ್ಕೆ ‘ಗ್ರ್ಯಾಂಡ್‌ಮಾ ಮಸ್ಟ್ ಬಿ ಅಸ್ಲೀಪ್’. ‘ನೀನು ದುಡ್ಡು ಕೊಡಬೇಕಿಲ್ಲ, ನಾನು ಕೊಟ್ಟಾಯ್ತು’ ಅನ್ನುವುದನ್ನು ನೀವೇ ಮಾಡಿ ನೋಡಿ. ಅಲ್ಲಿ ಮಸ್ಟಂಟ್ ಬರೆದಿದ್ದರೆ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ.